ಎಂಟು ಸಲ ‘ಬೇಡ’ ಒತ್ತಿದ್ದು

೨೮ ನವೆಂಬರ್, ಶುಕ್ರವಾರ. ಬೆಳಿಗ್ಗೆ ೫.೫೦

ಮತ್ತೆ ಅದೇ ಕಪ್ಪು ಪರದೆ. ಎಫ್-೨ ಒತ್ತಿ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ಒಳಗೆ ಹೋದೆ, ಗುರುತಿಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡಿದೆ, ಪೆನ್‌ಡ್ರೈವ್ ತೆಗೆದು ಮತ್ತೆ ಹಾಕಿದೆ. ಪಟ್ಟಿಯಲ್ಲಿ ಪೆನ್‌ಡ್ರೈವಿನ ಹೆಸರೇ ಇಲ್ಲ. ನನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಇದೇ ಪೆನ್‌ಡ್ರೈವ್ ಮೊದಲ ಸಲಕ್ಕೇ ಶುರುವಾಗಿತ್ತು.

ಪಾಪು ೪.೧೦ಕ್ಕೆ ಎದ್ದಳು, ೪.೪೦ಕ್ಕೆ ಮಲಗಿದಳು. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಎರಡು ಸಲ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರಾಡುತ್ತಿದ್ದಾಳೆ. ಐದು ತಿಂಗಳಿಂದ ತಪ್ಪದೆ ಉಸಿರಾಡುತ್ತಿದ್ದಾಳೆ. ಆದರೂ ನೋಡುತ್ತೇನೆ.

ಡೈನಿಂಗ್ ಟೇಬಲ್ ಮೇಲೆ ಎಂಟು ಲ್ಯಾಪ್‌ಟಾಪ್. ಯಾವುದೋ ಆಫೀಸು ಬೇಡವೆಂದು ಕೊಟ್ಟದ್ದು. ಮೆಮೊರಿ ಎರಡೇ ಜಿಬಿ, ವಿಂಡೋಸ್ ತೆವಳುತ್ತದೆ. ಅದಕ್ಕೇ ಲಿನಕ್ಸ್. ಹಗುರ, ಪುಕ್ಕಟೆ. ಅಂಬುಜಾ ಮ್ಯಾಡಮ್ಮಿನ ಟ್ರಸ್ಟಿನವರು ಇವನ್ನು ಇಲ್ಲೇ ನಾಶಿಕದ ಪಾಥರ್ಡಿ ಫಾಟಾದ ಕಟ್ಟಡ ಸೈಟಿನ ಶಾಲೆಗೆ ಕೊಡುತ್ತಾರೆ. ಶಾಲೆ ಎಂದರೆ ತಗಡಿನ ಪತ್ರಾಸು ಹೊದಿಸಿದ ಒಂದು ಕೋಣೆ. ಗೌಂಡಿ ಕೆಲಸಕ್ಕೆ ಬಂದ ನಮ್ಮ ವಿಜಯಪುರ ಕಡೆಯವರ ಮಕ್ಕಳು ಅಲ್ಲಿ ಕಲಿಯುತ್ತಾರೆ.

ಮ್ಯಾಡಮ್ ಮರಾಠಿಯಲ್ಲಿ ಹೇಳಿದ್ದು ಇಷ್ಟು — "ಈ ಎಂಟು ಚಾಲೂ ಮಾಡಿ ತೋರಿಸು. ಜನವರಿಯಿಂದ ಮೂರೂ ಸೆಂಟರಿನ ಕಂಪ್ಯೂಟರ್ ನೀನೇ ನೋಡಿಕೋ. ಮನೆಯಲ್ಲೇ ಕೂತು ಮಾಡು, ಪಗಾರ ಇದೆ."

ಹೆರಿಗೆಗೆ ಮೊದಲು ಪುಣೆಯ ಕಂಪನಿಯಲ್ಲಿ ಎರಡು ವರ್ಷ ಟೆಸ್ಟಿಂಗ್ ಮಾಡಿದವಳು ನಾನು. ಈ ಕೆಲಸ ಬೇಕು. ಎಷ್ಟು ಬೇಕು ಎಂದು ಯಾರಿಗೂ ಹೇಳಿಲ್ಲ.

೩೦ ನವೆಂಬರ್. ಸಂಜೆ

ಕಾರಣ ಸಿಕ್ಕಿತು. ಪ್ರೊಸೆಸರ್ ೬೪ ಬಿಟ್, ಅದನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ ೩೨ ಬಿಟ್. ತಯಾರಿಸಿದವರ ಉಳಿತಾಯ. ಪೆನ್‌ಡ್ರೈವಿನಲ್ಲಿ ೩೨ ಬಿಟ್‌ನ ಬೂಟ್ ಫೈಲ್ ಇದ್ದರೆ ಮಾತ್ರ ಅದರ ಕಣ್ಣಿಗೆ ಬೀಳುತ್ತದೆ. ನನ್ನದರಲ್ಲಿ ೬೪ರದು ಮಾತ್ರ ಇತ್ತು. ಎರಡೂ ಇರುವ ಲಿನಕ್ಸ್ ಇಮೇಜ್ ಡೌನ್‌ಲೋಡಿಗೆ ಹಾಕಿದ್ದೇನೆ.

ನನ್ನ ಗಂಡ ಶ್ರೀಮಂತರ ಫೋನ್ ಬಂತು. ಬ್ಯಾಂಕು ಸೆಪ್ಟೆಂಬರಿನಲ್ಲೇ ಅವರನ್ನು ಸಂಭಾಜಿನಗರಕ್ಕೆ ಹಾಕಿತು. ಮನೆ ಸಿಗುವ ತನಕ ನಾನೂ ಪಾಪುವೂ ನಾಶಿಕದಲ್ಲೇ.

"ಕೂಸು ಮಲಗಿದಾಗ ನೀನೂ ಮಲಕ್ಕೋ ಅಂತ ಡಾಕ್ಟರ್ ಹೇಳ್ಯಾರೋ ಇಲ್ಲೋ?"

"ಹೇಳ್ಯಾರ್ರಿ."

"ಮತ್ತ?"

"ಲ್ಯಾಪ್‌ಟಾಪ್ ಏಳವಲ್ವು. ಅವನ್ನ ಎಬ್ಬಸಲಿಕ್ಕೆ ಎದ್ದು ಕೂತೀನಿ."

ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ.

೪ ಡಿಸೆಂಬರ್. ಮಧ್ಯಾಹ್ನ ೨.೩೦

ಮೊದಲನೆಯದು ಎದ್ದಿತು.

ಇನ್‌ಸ್ಟಾಲ್ ಮುಗಿಯುವಾಗ ಒಂದು ಪ್ರಶ್ನೆ ಕೇಳುತ್ತದೆ. ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರಿನ ಇನ್ನೊಂದು ಪ್ರತಿಯನ್ನು ಬೇರೆ ಜಾಗದಲ್ಲೂ ಇಡಲೇ? ಕೆಲವು ಕಳಪೆ ಫರ್ಮ್‌ವೇರುಗಳಿಗೆ ಅದು ಬೇಕಾಗುತ್ತದಂತೆ. ಹೌದು ಅಥವಾ ಬೇಡ. ಕೆಳಗೆ ಉದ್ದನೆಯ ವಿವರಣೆ ಇತ್ತು. ಪಾಪು ಅಳತೊಡಗಿದ್ದಳು. ‘ಬೇಡ’ ಒತ್ತಿ ಎದ್ದುಹೋದೆ. ಹಾಲು ಕುಡಿಸಿ ಬಂದು ರೀಸ್ಟಾರ್ಟ್ ಮಾಡಿದೆ. ನೆಟ್ಟಗೆ ಎದ್ದಿತು. ಹಾಗಾದರೆ ‘ಬೇಡ’ವೇ ಸರಿ.

೧೧ ಡಿಸೆಂಬರ್

ಎಂಟೂ ಆದವು. ಎಲ್ಲದಕ್ಕೂ ಅದೇ ಕ್ರಮ, ಅದೇ ಉತ್ತರ. ಎಕ್ಸ್‌ಟೆನ್ಷನ್ ಬೋರ್ಡಿಗೆ ಚಾರ್ಜರುಗಳನ್ನು ಚುಚ್ಚಿಯೇ ಇಟ್ಟು ಒಂದೊಂದನ್ನೂ ಹತ್ತು ಸಲ ಆಫ್-ಆನ್ ಮಾಡಿ ನೋಡಿದೆ. ಒಮ್ಮೆಯೂ ತಪ್ಪಲಿಲ್ಲ.

೧೩ ಡಿಸೆಂಬರ್, ಶನಿವಾರ. ರಾತ್ರಿ

ಸೈಟಿಗೆ ಹೋಗಿ ಕೊಟ್ಟು ಬಂದೆ. ಕೋಣೆ ನೋಡಿಕೊಳ್ಳುವವಳು ಚನಬಸವ್ವ, ಸಿಂದಗಿಯ ಕಡೆಯವಳು. ಬೆನ್ನು ಹಿಡಿಯುವ ತನಕ ಇಟ್ಟಂಗಿ ಹೊತ್ತವಳು. ಈಗ ಟ್ರಸ್ಟ್ ಕೊಡುವ ಪಗಾರಕ್ಕೆ ಇದು. ಹೋದ ಕೂಡಲೇ ಪಾಪುವನ್ನು ಕಸಿದುಕೊಂಡಳು.

"ಕೊಡ್ರಿ ಅಕ್ಕಾರ. ನಿಮ್ಮ ಕಣ್ಣ ನೋಡಿದ್ರ ಕೂಸಿನಕಿಂತ ನೀವ ಜಾಸ್ತಿ ಅತ್ತಂಗ ಕಾಣ್ತೈತಿ."

"ನಿದ್ದಿ ಇಲ್ಲವ್ವಾ."

"ನಿದ್ದಿ ಯಾರಿಗೈತ್ರಿ? ನಮ್ಮ ಮಗ್ಗಲದಾಗ ರಾತ್ರಿಯೆಲ್ಲಾ ಸಿಮೆಂಟಿನ ಮಿಕ್ಸರ್ ತಿರಗತೈತಿ. ಅದು ನಿಂತ್ರ ನಮಗ ಎಚ್ಚರಾಗತೈತಿ."

ಮಕ್ಕಳನ್ನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. ಒಂದು ಹುಡುಗಿ ತನ್ನ ಹೆಸರು ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿದಳು. ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಸರಿಯಾಗಿ ಶಟ್‌ಡೌನ್ ಮಾಡುವುದನ್ನು ಚನಬಸವ್ವಳಿಗೆ ಮೂರು ಸಲ ತೋರಿಸಿದೆ. ಮೂರನೆಯ ಸಲ ಅವಳೇ ನನಗೆ ತೋರಿಸಿದಳು.

ಮಂಗಳವಾರ ಇಡೀ ಕ್ಯಾಂಪು ಊರಿಗೆ ಹೋಗುತ್ತದಂತೆ, ಎಳ್ಳಮಾಸಿಗೆ, ಎಳ್ಳು ಅಮಾವಾಸ್ಯೆಗೆ. "ಹೊಲಕ್ಕ ಹೋಗಿ ಭೂಮಿತಾಯಿಗೆ ಎಡಿ ಮಾಡಿ ಚರಗ ಚೆಲ್ಲಿ ಬರ್ತೀವ್ರಿ. ಅದೊಂದು ಬಿಡೂದಿಲ್ಲ ನಾವು." ಅವರು ಬರುವ ತನಕ ಗುತ್ತಿಗೆದಾರ ಶೆಡ್ಡುಗಳ ಕರೆಂಟ್ ತೆಗೆಸುತ್ತಾನೆ. ಪ್ರತಿ ವರ್ಷದ ಪದ್ಧತಿ. ಕೇಳಿಸಿಕೊಂಡೆ. ತಲೆಗೆ ಹೋಗಲಿಲ್ಲ.

೨೯ ಡಿಸೆಂಬರ್, ಸೋಮವಾರ. ಸಂಭಾಜಿನಗರ

ಮನೆ ಸಿಕ್ಕಿತು, ಬಂದು ಎಂಟು ದಿನ. ರೈಲಿನಲ್ಲಿ ಲಾಸಲಗಾಂವದಿಂದ ಮನಮಾಡದವರೆಗೆ ಪಾಪು ಮಲಗಿದ್ದಳು, ನಾನು ಕೂತಿದ್ದೆ. ಇಲ್ಲಿ ಸಿಡ್ಕೊ ಬಡಾವಣೆಯಲ್ಲಿ ಮೂರನೆಯ ಮಹಡಿ. ನಳದ ನೀರು ದಿನಾ ಬರುವುದಿಲ್ಲ. ಇದ್ದಬದ್ದ ಪಾತ್ರೆಯೆಲ್ಲ ತುಂಬಿಟ್ಟಿದ್ದೇನೆ.

ಹತ್ತು ಗಂಟೆಗೆ ಚನಬಸವ್ವಳ ವಿಡಿಯೊ ಕಾಲ್.

"ಅಕ್ಕಾರ, ಎಂಟೂ ಒಂದ ಮಾತ ಹೇಳತಾವ ನೋಡ್ರಿ."

ತೋರಿಸಿದಳು. ಬೂಟ್ ಮಾಡಲು ಏನೂ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಎಂಟು ಪರದೆಯ ಮೇಲೂ.

ಕ್ಯಾಂಪು ಊರಿಗೆ ಹೋದ ಹನ್ನೆರಡು ದಿನ ಶೆಡ್ಡಿನಲ್ಲಿ ಕರೆಂಟ್ ಇರಲಿಲ್ಲ. ಹಳೆಯ ಬ್ಯಾಟರಿಗಳು ಪೂರ್ತಿ ಖಾಲಿಯಾಗಿವೆ. ಜೀವ ಹೋದಾಗ ಈ ಫರ್ಮ್‌ವೇರ್ ತನಗೆ ಹೇಳಿಕೊಟ್ಟದ್ದೆಲ್ಲ ಮರೆಯುತ್ತದೆ. ಲಿನಕ್ಸ್ ಎಲ್ಲಿದೆ ಎಂಬುದನ್ನೂ. ಆಮೇಲೆ ಅದು ಹುಡುಕುವುದು ಒಂದೇ ಜಾಗದಲ್ಲಿ — ಪ್ರತಿ ಇಡಲೇ ಎಂದು ಇನ್‌ಸ್ಟಾಲರ್ ಕೇಳಿದ್ದ ಆ ಜಾಗದಲ್ಲಿ. ಅಲ್ಲಿ ಏನೂ ಇಲ್ಲ. ‘ಬೇಡ’ ಎಂದವಳು ನಾನು. ಎಂಟು ಸಲ. ಚಾರ್ಜರ್ ತೆಗೆದು ಒಮ್ಮೆಯೂ ಟೆಸ್ಟ್ ಮಾಡಲಿಲ್ಲ. ಟೆಸ್ಟಿಂಗ್‌ನವಳು.

ಅರ್ಧ ಗಂಟೆಯಲ್ಲಿ ಮ್ಯಾಡಮ್ ಫೋನ್.

"ಮಷೀನ್ ಖರಾಬೋ, ಇಲ್ಲ ನಿನ್ನ ಕೆಲಸ ಖರಾಬೋ?"

"ಮಷೀನ್," ಎಂದೆ.

ಯೋಚಿಸಲೇ ಇಲ್ಲ. ಪೂರ್ತಿ ಸುಳ್ಳೂ ಅಲ್ಲ. ಫರ್ಮ್‌ವೇರ್ ಕಳಪೆಯೇ.

೩೧ ಡಿಸೆಂಬರ್

ನೇಮಕದ ಪತ್ರ ವಾಟ್ಸಾಪಿನಲ್ಲಿ ಬಂತು. ಶನಿವಾರದೊಳಗೆ ಸಹಿ ಮಾಡಿ ಕಳಿಸಬೇಕು. ಮಷೀನ್ ಕೆಟ್ಟದ್ದಿದ್ದರೆ ನೀನೇನು ಮಾಡುತ್ತೀ, ಬೇರೆ ನೋಡೋಣ ಎಂದು ಮ್ಯಾಡಮ್ ಬರೆದಿದ್ದಾರೆ.

ಶ್ರೀಮಂತ ಪೇಡೆ ತಂದರು. "ಸಹಿ ಮಾಡಿದಿ?"

"ಮಾಡ್ತೀನ್ರಿ. ಪ್ರಿಂಟ್ ತಗೀಬೇಕು."

ಬ್ಯಾಂಕಿನಲ್ಲಿ ಪ್ರಿಂಟ್ ತೆಗೆಸಿ ಸಂಜೆ ತಂದೂ ಕೊಟ್ಟರು.

ನಿದ್ದೆ ಒಟ್ಟು ಎರಡೂವರೆ ಗಂಟೆ. ಪಾಪು ಚೆನ್ನಾಗಿಯೇ ಮಲಗಿದ್ದಳು.

೨ ಜನವರಿ. ಸಂಜೆ ೬

ಚನಬಸವ್ವ ಮತ್ತೆ. ಈ ಸಲ ವಿಡಿಯೊ ಇಲ್ಲ.

"ನಾಳಿ ಹನ್ನೊಂದಕ್ಕ ಭಂಗಾರದವರ ಗಾಡಿ ಬರತೈತಂತ್ರಿ, ಗುಜರಿ ಗಾಡಿ. ಎಂಟೂ ಒಯ್ತಾರಂತ." ದನಿ ತಗ್ಗಿಸಿದಳು. "ಅಕ್ಕಾರ, ಒಂದ ಕೇಳ್ತೀನಿ. ಹುಡುಗ್ರೆಲ್ಲಾ ನಾನ ಕೆಡಿಸೀನಿ ಅಂತಾವ್ರಿ. ಊರಿಗೆ ಹೋಗುಮುಂದ ಬಂದ್ ಮಾಡಿದಾಕಿ ನಾನ ಅಲ್ಲ? ಮ್ಯಾಡಮ್ಮಾರೂ ಯಾವ ಬಟನ್ ಒತ್ತಿದಿ ಅಂತ ಎರಡ ಸಲ ಕೇಳಿದ್ರು. ನೀವು ತೋರಿಸಿದ್ದ ಒತ್ತೀನ್ರಿ ನಾ."

"ನಿನ್ನ ತಪ್ಪಿಲ್ಲ."

"ಮತ್ತ ಯಾರ್ದರಿ?"

ಹಲೋ, ಹಲೋ ಎಂದೆ. ಕೇಳಿಸವಲ್ದು ಎಂದೆ. ಕಟ್ ಮಾಡಿದೆ.

ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹಿಂದೆ ಮಕ್ಕಳ ಗದ್ದಲವೂ.

೩ ಜನವರಿ, ಶನಿವಾರ. ಬೆಳಿಗ್ಗೆ ೯.೨೦

ಲೆಕ್ಕ ಸರಳ. ಪೆನ್‌ಡ್ರೈವಿನಿಂದ ಎಬ್ಬಿಸಿ ಒಂದು ಕಮಾಂಡ್ ಕೊಟ್ಟರೆ ಬೂಟ್‌ಲೋಡರಿನ ಪ್ರತಿ ಆ ಜಾಗಕ್ಕೆ ಹೋಗಿ ಕೂರುತ್ತದೆ. ಒಂದೊಂದಕ್ಕೆ ಹತ್ತು ನಿಮಿಷ. ಆಮೇಲೆ ಬ್ಯಾಟರಿ ಎಷ್ಟು ಸಲ ಸತ್ತರೂ ಚಿಂತೆಯಿಲ್ಲ. ಪೆನ್‌ಡ್ರೈವ್ ನನ್ನ ಬಳಿ ಇದೆ. ಇವತ್ತು ಶ್ರೀಮಂತರಿಗೆ ಬ್ಯಾಂಕಿದೆ, ಪಾಪುವನ್ನು ಕರೆದುಕೊಂಡೇ ಹೋಗಬೇಕು. ಸಂಜೆಗೆ ನಾಶಿಕ್ ಮುಟ್ಟಬಹುದು. ಆದರೆ ಗಾಡಿ ಬರುವುದು ಹನ್ನೊಂದಕ್ಕೆ.

ಗಾಡಿ ನಿಲ್ಲಿಸಲು ಮ್ಯಾಡಮ್ಮಿಗೆ ಹೇಳಬೇಕು. ಮಷೀನ್ ಸರಿಯಾಗುತ್ತದೆ ಎಂದರೆ, ಕೆಟ್ಟದ್ದು ಯಾಕೆ ಎಂದು ಕೇಳುತ್ತಾರೆ.

ಸಹಿ ಇಲ್ಲದ ಪತ್ರ ಎದುರಿಗೇ ಇದೆ.

೯.೪೫

ಮಾಡಿದೆ.

"ಬೋಲ್ ನೀಲಾಂಬಿಕಾ. ಸಹಿ ಆಯ್ತಾ?"

"ಗಾಡಿ ನಿಲ್ಲಿಸಿ ಮ್ಯಾಡಮ್."

"ಯಾಕೆ?"

ಮರಾಠಿ ತಡವರಿಸಿತು. ಹಿಂದಿಗೆ ಹೋದೆ. ಇನ್‌ಸ್ಟಾಲರ್ ಪ್ರಶ್ನೆ ಕೇಳಿತ್ತು, ನಾನು ಓದಲಿಲ್ಲ, ಬೇಡ ಎಂದೆ, ಎಂಟಕ್ಕೂ ಬೇಡ ಎಂದೆ. ಸೋಮವಾರವೇ ಗೊತ್ತಿತ್ತು. ಚನಬಸವ್ವ ಒತ್ತಿದ ಬಟನ್ ಸರಿಯಾದದ್ದೇ.

ಆ ಕಡೆ ಯಾರದೋ ಕುಕ್ಕರ್ ಎರಡು ಸೀಟಿ ಹೊಡೆಯಿತು.

"ಸೋಮವಾರ ಗೊತ್ತಿತ್ತು," ಎಂದರು ಮ್ಯಾಡಮ್. ಪ್ರಶ್ನೆಯ ಹಾಗೆ ಅಲ್ಲ.

"ಹೌದು."

"ನಾನು ಚನಬಸವ್ವನಿಗೆ ಏನೇನೋ ಅಂದೆನಲ್ಲ."

ಪತ್ರವನ್ನು ಮಡಚಿ ಪಕ್ಕಕ್ಕಿಟ್ಟೆ.

"ಹೋಲ್ಡ್ ಮಾಡು."

ಹೋಲ್ಡ್‌ನಲ್ಲಿದ್ದೇನೆ. ಸ್ಪೀಕರ್ ಹಾಕಿ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದಾರೆ, ಮಾತು ಹಿಡಿಯುತ್ತಿಲ್ಲ. ಏಳು ನಿಮಿಷ. ಎಂಟು. ಕಟ್ ಮಾಡಿಲ್ಲ.

ಬಂದರು.

"ಗಾಡಿ ಕ್ಯಾನ್ಸಲ್ ಮಾಡಿಸಿದೆ. ಪತ್ರದ ಮಾತು ಆಮೇಲೆ, ಈಗ ಅದನ್ನು ಕೇಳಬೇಡ. ನೀನು ಮೊದಲು ಚನಬಸವ್ವನಿಗೆ ಫೋನ್ ಮಾಡು. ಈಗ ನನಗೆ ಹೇಳಿದ್ದನ್ನೇ ಅವಳಿಗೂ ಹೇಳು. ಮಕ್ಕಳಿಗೂ ಕೇಳಿಸಬೇಕು, ಸ್ಪೀಕರ್ ಹಾಕಿಸು."

ಸರಿ ಎಂದೆ.

ರಿಂಗ್ ಆಗುತ್ತಿದೆ. ಕನ್ನಡದಲ್ಲಿ ಹೇಗೆ ಶುರು ಮಾಡು— ಎತ್ತಿದಳು.