ಮೂಲೆಗೆ ನುಸುಳಿದ ಕೆಂಪಕ್ಕ

ಕ್ರಿ.ಶ. 4106, ನಮ್ಮ ಲೆಕ್ಕದಲ್ಲಿ ಎರಡನೇ ನೆರಳಿನ ಹದಿನೇಳನೇ ದಿನ

ವಾಗ್ದೇವಿ ಮೇಡಂ,

ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಬೇಜಾರಾಗಬೇಡಿ. ನಿಮ್ಮ ವೀಕ್ಷಣಾಲಯದ ಹಳೆಯ ಚಾಟ್ ಗ್ರೂಪು ಓದಿ ಓದಿ ಕಲಿತದ್ದು. ನನ್ನ ಹೆಸರು ತುಂಬೆ, ವಯಸ್ಸು ಹತ್ತೊಂಬತ್ತು, ನಿಮ್ಮ ಅಭಿಮಾನಿ.

ನಮ್ಮೂರು ಕೆಂಪಕ್ಕ ಎಂಬ ದೈತ್ಯ ನಕ್ಷತ್ರದ ಪಕ್ಕದಲ್ಲಿದೆ. ಪಕ್ಕ ಅಂದರೆ, ಅದು ಸಿಡಿದರೆ ನಾವು ಉಳಿಯದಷ್ಟು ಪಕ್ಕ. ಎಂಟು ವಾರದ ಹಿಂದೆ ಅದು ಮಂಕಾಗತೊಡಗಿತು. ಇಂಥ ಕೆಲವು ನಕ್ಷತ್ರಗಳು ಸಿಡಿಯುವ ಮೊದಲು ಧೂಳು ಉಗುಳಿ ಅದರೊಳಗೆ ಅಡಗುತ್ತವೆ. ಊರು ಬಿಡಬೇಕೆಂದು ಸಭೆ ತೀರ್ಮಾನಿಸಿತು. ಹೋಗುವುದು ನಿದ್ದೆಪೆಟ್ಟಿಗೆಯಲ್ಲಿ, ಅಂದರೆ ಮೈಯನ್ನು ತಣ್ಣಗಾಗಿಸಿ ನೂರು ವರ್ಷ ಮಲಗಿಸುವ ಡಬ್ಬಿಯಲ್ಲಿ. ಬಸುರಿಯರನ್ನು ಅದರಲ್ಲಿ ಮಲಗಿಸುವಂತಿಲ್ಲ. ನಮ್ಮ ನೀಲವೇಣಿ ಅತ್ತಿಗೆಗೆ ಆರು ತಿಂಗಳು.

"ನೀವೆಲ್ಲ ಹೊರಡಿ, ಕೆಂಪಕ್ಕನಿಗೆ ನಾನು ಕಾವಲಿರ್ತೀನಿ," ಎಂದು ಅತ್ತಿಗೆ ನಕ್ಕರು.

"ಸುಮ್ನಿರೇ, ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ," ಎಂದ ಅಣ್ಣ ತನ್ನ ಪೆಟ್ಟಿಗೆಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟ.

ಕೆಂಪಕ್ಕ ಹಿಂದೆಂದಾದರೂ ಹೀಗೆ ಮಂಕಾಗಿತ್ತೇ ಎಂದು ನಾನು ಭೂಮಿಯ ಎರಡು ಸಾವಿರ ವರ್ಷ ಹಳೆಯ ಕಡತಗಳಲ್ಲಿ ಹುಡುಕಿದೆ, ನಿಮ್ಮದು ಸಿಕ್ಕಿತು. ನೀವು ಬೇರೊಂದು ನಕ್ಷತ್ರದ ಸ್ಫೋಟದ ಕಾವು ಆರುವುದನ್ನು ಏಳು ವರ್ಷ ಅವಕೆಂಪಿನಲ್ಲಿ, ಅಂದರೆ ಶಾಖದ ಬೆಳಕಿನಲ್ಲಿ, ನೋಡುತ್ತಿದ್ದಿರಿ. ಆ ಬೆಳಕಿನಲ್ಲಿ ಆಕಾಶವೇ ಹೊಳೆಯುತ್ತದಲ್ಲ, ಅದನ್ನು ಕಳೆಯಲು ಆಗಾಗ ದೂರದರ್ಶಕವನ್ನು ಪಕ್ಕಕ್ಕೆ ಸರಿಸಿ ಖಾಲಿ ಆಕಾಶದ ಚಿತ್ರವನ್ನೂ ತೆಗೆಯುತ್ತಿದ್ದಿರಿ. ಆ ಖಾಲಿ ಚಿತ್ರಗಳ ಮೂಲೆಯಲ್ಲಿ ಕೆಂಪಕ್ಕ ನುಸುಳಿ ಎಲ್ಲ ಕೆಡಿಸಿತ್ತು.

ನಿಮ್ಮ ಜೊತೆಗಾರ ಪೂವಯ್ಯ ಗ್ರೂಪಿನಲ್ಲಿ ಕೇಳಿದ್ದರು: "ಮೇಡಂ, ಕೆಟ್ಟಿರೋದನ್ನ ಅಳಿಸಿಬಿಡ್ಲಾ? ಡಿಸ್ಕ್ ತುಂಬ್ತಿದೆ."

ನೀವು ಬರೆದಿರಿ: "ತುಂಬ್ಲಿ ಬಿಡಿ. ಮೂಲೇಲಿರೋ ಕಳ್ಳ ಯಾರು ಅಂತ ಆಮೇಲೆ ನೋಡೋಣ."

ನೀವು ನೋಡಲೇ ಇಲ್ಲ. ನಾನು ನೋಡಿದೆ. ಆ ವರ್ಷಗಳ ಮಾಮೂಲಿ ಬೆಳಕಿನ ಚಿತ್ರಗಳಲ್ಲಿ ಕೆಂಪಕ್ಕ ಧೂಳಿನಲ್ಲಿ ಮುಚ್ಚಿಹೋಗಿ ಕಾಣುವುದೇ ಇಲ್ಲ. ನಿಮ್ಮವುಗಳಲ್ಲಿ ಮಾತ್ರ ಅದರ ಸುತ್ತಲಿನ ಧೂಳು ಬೆಚ್ಚಗೆ ಹೊಳೆಯುತ್ತಿದೆ. ಮೂರನೇ ವರ್ಷ ಹೆಚ್ಚಿ, ಆರನೇ ವರ್ಷ ಚದುರಿ, ಕೊನೆಗೆ ನಕ್ಷತ್ರ ಮೊದಲಿನಂತೆಯೇ. ನಾವು ಈಗ ಅಳೆದ ಶಾಖವೂ ನಿಮ್ಮ ಮೊದಲ ತಿಂಗಳುಗಳ ಚಿತ್ರಗಳಿಗೆ ಸರಿಯಾಗಿ ಹೊಂದಿತು. ಅದು ಹಿಂದೆಯೂ ಹೀಗೇ ಮಾಡಿತ್ತು, ಸಿಡಿಯಲಿಲ್ಲ.

ಸಭೆಯ ಹಿರಿಯರಾದ ಹಾಲಮ್ಮ ಮೂರು ಸಲ ಪರೀಕ್ಷಿಸಿ, "ಬರೀ ಕೆಮ್ಮು ಕಣ್ರಿ. ಎಲ್ರೂ ಮನೆಗೆ ಹೋಗಿ ಊಟ ಮಾಡಿ," ಎಂದರು.

ಇದು ನಿಮ್ಮನ್ನು ತಲುಪುವುದಿಲ್ಲವೆಂದು ಗೊತ್ತು. ಆದರೂ ಬರೆಯದಿರಲು ಆಗಲಿಲ್ಲ. ಅತ್ತಿಗೆ ಹೊಟ್ಟೆ ತುಂಬ ಉಂಡು ನಡುಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದಾರೆ. ಅಣ್ಣ ಬಾಗಿಲಿಗೆ ಅಡ್ಡ ಕೂತು ಯಾರನ್ನೂ ಒಳಗೆ ಬಿಡುತ್ತಿಲ್ಲ, ನನ್ನನ್ನೂ. ಎದ್ದ ಮೇಲೆ ಅವರಿಗೆ ನಿಮ್ಮ ಹೆಸರು ಹೇಳುತ್ತೇನೆ. ಅಲ್ಲಿಯವರೆಗೆ ಮಲಗಲಿ.

ನಿಮ್ಮ
ತುಂಬೆ