ನಗೋಯಾದಲ್ಲಿ ತಪ್ಪಿದ ರೈಲಿಗಾಗಿ ಜರ್ಸಿಯಿಂದ ಒಂದು ದೂರು

ನಮ್ಮ ಹಳಿಯ ವೇಳಾಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ನಿಮ್ಮ ಕಚೇರಿಯ ದೆಸೆಯಿಂದ ನನಗೊಂದು ರೈಲು ತಪ್ಪಿತು. ಅದು ನಿಮ್ಮ ರೈಲಲ್ಲ. ನಿಮ್ಮ ರೈಲನ್ನು ತಪ್ಪಿಸಿಕೊಳ್ಳಲು ವಿಶೇಷ ಪ್ರತಿಭೆ ಬೇಕು. ತಪ್ಪಿದ್ದು ಇಲ್ಲಿಂದ ಸುಮಾರು ಹನ್ನೊಂದು ಸಾವಿರ ಕಿಲೋಮೀಟರ್ ದೂರದ ಜಪಾನಿನಲ್ಲಿ. ಆದರೂ ಹೊಣೆ ನಿಮ್ಮದೇ.

ಹನ್ನೆರಡು ವರ್ಷಗಳಿಂದ ನಾನೂ ನನ್ನ ಗಂಡ ಮಹದೇವನೂ ನಿಮ್ಮ ಡೀಸೆಲ್ ಗಾಡಿ ಹಿಡಿದು ನ್ಯೂಜರ್ಸಿಯಿಂದ ಮ್ಯಾನ್‌ಹಟನ್ ಕಡೆಗೆ ಕೆಲಸಕ್ಕೆ ಹೋಗುತ್ತಿದ್ದೇವೆ. ಮೊದಲ ದಿನ ನಾನು ಪ್ಲಾಟ್‌ಫಾರ್ಮಿನಲ್ಲಿ ಓಡುವುದನ್ನು ಕಂಡು, ಧಾರವಾಡ ಕಡೆಯ ಹಿರಿಯ ಪ್ರಯಾಣಿಕ ಈಶಣ್ಣ ಥರ್ಮಾಸಿನ ಮುಚ್ಚಳ ತಿರುಗಿಸುತ್ತ ಹೇಳಿದರು: “ಓಡಬ್ಯಾಡ್ರಿ ತಂಗಿ. ಏಳು ನಿಮಿಷ ಲೇಟ್ ಅಂದ್ರ ಇಲ್ಲಿ ಟೈಮಿಗೆ ಬಂತು ಅಂತನ ಅರ್ಥ. ಚಾ ತಗೊಳ್ರಿ.” ಅಂದಿನಿಂದ ಅದೇ ನಮ್ಮ ಸಂಪ್ರದಾಯ. ಗಾಡಿ ಹೊರಡಬೇಕಾದ ನಿಮಿಷಕ್ಕೆ ಚಹಾ ಬಗ್ಗಿಸುತ್ತೇವೆ. ಲೋಟ ಖಾಲಿಯಾಗುವ ಹೊತ್ತಿಗೆ ಗಾಡಿ ಬರುತ್ತದೆ. ಇಷ್ಟು ನಿಖರವಾದ ವಿಳಂಬವನ್ನು ಕಾಪಾಡಿಕೊಂಡು ಬಂದ ನಿಮಗೆ ಅಭಿನಂದನೆ ಸಲ್ಲಲೇಬೇಕು.

ನನಗೆ ಅನುವಾದಿತ ಕಾದಂಬರಿಗಳನ್ನು ಓದುವ ಚಟ. ಒಂದು ಜಪಾನಿ ಕಾದಂಬರಿಯಲ್ಲಿ ವಿಧವೆಯೊಬ್ಬಳು ತಿಂಗಳಿಗೊಮ್ಮೆ ಎಕ್ಸ್‌ಪ್ರೆಸ್ ಹತ್ತಿ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾಳೆ, ಹೆಚ್ಚೇನೂ ನಡೆಯುವುದಿಲ್ಲ. ಅನುವಾದಕರು ‘ರೈಲು’ ಎಂದಷ್ಟೇ ಬರೆದು ಸುಮ್ಮನಾಗಿದ್ದರು. ನನಗೆ ಸುಮ್ಮನಿರಲಾಗಲಿಲ್ಲ. ಊರು, ವರ್ಷ, ಕಿಟಕಿಯ ಅಗಲ ಎಲ್ಲವನ್ನೂ ಹೊಂದಿಸಿ ನೋಡಿ, ಅದು ‘ಕಿಹ 85’ ಎಂಬ ಡೀಸೆಲ್ ಗಾಡಿಯೇ ಇರಬೇಕೆಂದು ತೀರ್ಮಾನಿಸಿದೆ. 1989ರಲ್ಲಿ ಓಟ ಶುರು ಮಾಡಿ, ಮೂವತ್ತನಾಲ್ಕು ವರ್ಷ ಬೆಟ್ಟ, ನದಿ, ಕಡಲತೀರಗಳನ್ನು ದೊಡ್ಡ ಕಿಟಕಿಗಳಲ್ಲಿ ತೋರಿಸಿ, 2023ರಲ್ಲಿ ಆ ಹಳಿಗಳಿಂದ ನಿವೃತ್ತಿಯಾಯಿತು. ಕೊನೆಯ ದಿನ ಯಾವುದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಇನ್ನೊಂದು ಸಂಗತಿ ಗಮನಿಸಿ: ಅದರ ಎಂಜಿನ್‌ಗಳು ಅಮೆರಿಕದ ಕಂಪನಿಯವು. ಅಮೆರಿಕದ ಎಂಜಿನ್ ಸಮಯಕ್ಕೆ ಸರಿಯಾಗಿ ಹೊರಡಬಲ್ಲದು ಎಂದಾಯಿತಲ್ಲ. ಹಾಗಾದರೆ ದೋಷವಿರುವುದು ಹಳಿಯಲ್ಲೋ, ಹವೆಯಲ್ಲೋ, ನಿಮ್ಮ ಸಹಿಯಲ್ಲೋ?

ಅದು ಓಡುವ ಕೊನೆಯ ತಿಂಗಳಾದ ಆ ವರ್ಷದ ಜೂನಿನಲ್ಲಿ ನಾವು ಜಪಾನಿಗೆ ಹೋದೆವು. ಪ್ರವಾಸದ ಕೊನೆಯ ಸಂಜೆ, ನಗೋಯಾ ನಿಲ್ದಾಣ, ಆ ದಿನದ ಕೊನೆಯ ಕಿಹ 85. ಮಾರನೆಯ ಬೆಳಿಗ್ಗೆ ವಾಪಸು ವಿಮಾನ. ಮೊದಲ ನಿಲುಗಡೆ ಕುವಾನಾವರೆಗೆ ಇಪ್ಪತ್ತು ನಿಮಿಷ ಕೂತರೆ ನನಗೆ ಸಾಕಿತ್ತು. ಕೈಯಲ್ಲಿ ಟಿಕೆಟ್, ಎದುರಿಗೆ ಗಾಡಿ. ಮಹದೇವ ಗಡಿಯಾರ ನೋಡಿದ.

“ಇನ್ನೂ ಮೂರು ನಿಮಿಷ ಇದೆ ಕಣೇ. ಅಂದ್ರೆ ಹತ್ತು. ಟೀ ತಗೊಂಡ್ ಬರೋಣ ಬಾ.”

ತಡೆಯಬೇಕಾದ ನಾನೇ ತಲೆಯಾಡಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು, ಜರ್ಸಿಯ ಮಟ್ಟಿಗೆ. ನಾಣ್ಯ ಹಾಕಿದ ಟೀ ಯಂತ್ರದಿಂದ ಎರಡನೆಯ ಡಬ್ಬಿ ಉರುಳುವಾಗ ಗಾಡಿಯ ಬಾಗಿಲು ಮುಚ್ಚಿತು. ದೊಡ್ಡ ಕಿಟಕಿಗಳು ಒಂದೊಂದಾಗಿ ನಮ್ಮೆದುರು ಸರಿದವು. ಒಂದರಲ್ಲಿ ಎರಡು ಸೀಟು ಖಾಲಿಯಿದ್ದವು. ಅರ್ಧ ನಿಮಿಷವೂ ಕಾಯಲಿಲ್ಲವಲ್ಲ ಎಂದು ಮಹದೇವ ಮೋಸ ಹೋದವನಂತೆ ಗೊಣಗಿದ.

ಈಗ ನಿಮ್ಮ ಪ್ರಕಟಣೆ ಬಂದಿದೆ: ನಮ್ಮ ಹಳಿಯ ಡೀಸೆಲ್ ಗಾಡಿಗಳನ್ನು ‘ಸೂಕ್ತ ಸಮಯದಲ್ಲಿ’ ಹಿಂತೆಗೆದುಕೊಳ್ಳಲಾಗುವುದು. ಸೂಕ್ತ ಸಮಯ ಯಾವ ವಾರ ಬೀಳುತ್ತದೆ, ಮಾನ್ಯರೇ? ಈಶಣ್ಣ ಬರುವ ಮಾರ್ಚಿನಲ್ಲಿ ನಿವೃತ್ತರಾಗಿ ಮಗಳಿರುವ ಡಲ್ಲಾಸ್‌ಗೆ ಹೊರಡುತ್ತಾರೆ. ಇಪ್ಪತ್ತಾರು ವರ್ಷ ಕೂತ ಗಾಡಿಯ ಕೊನೆಯ ಓಟದಲ್ಲೂ ಕೂರಬೇಕೆಂಬುದು ಅವರ ಆಸೆ. ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ ‘ಸೂಕ್ತ ಸಮಯ’ ಎಂಬ ಉತ್ತರವೇ ಸಿಕ್ಕಿತು. “ಮೊದಲು ಗಾಡಿ ಹೋಗ್ತದೋ, ನಾ ಹೋಗ್ತೀನೋ, ಅಷ್ಟಾದ್ರೂ ಹೇಳಬೇಕಲ್ರಿ ಅವರು,” ಎಂದರು ಮೊನ್ನೆ. ಅಂದು ಅವರ ಲೋಟದಲ್ಲಿ ಅರ್ಧ ಚಹಾ ಹಾಗೆಯೇ ಉಳಿಯಿತು.

ಆದ್ದರಿಂದ ನನ್ನ ಆಗ್ರಹವಿಷ್ಟೇ. ಕೊನೆಯ ಓಟದ ದಿನಾಂಕವನ್ನು ಈ ತಿಂಗಳೇ ಪ್ರಕಟಿಸಿ. ಅದು ಮಾರ್ಚ್ ದಾಟಿದರೂ ಚಿಂತೆಯಿಲ್ಲ, ಡಲ್ಲಾಸ್‌ನಿಂದ ಅವರನ್ನು ಕರೆಸಿಕೊಳ್ಳುವುದು ನಮಗಿರಲಿ. ಮತ್ತೊಂದು ವಿನಂತಿ: ಜಪಾನಿನ ಮಾತು ಕೇಳಿ ನಾಚಿಕೊಂಡು, ಆ ದಿನ ಮಾತ್ರ ದಯವಿಟ್ಟು ಸಮಯಕ್ಕೆ ಸರಿಯಾಗಿ ಹೊರಟುಬಿಡಬೇಡಿ. ಈಶಣ್ಣ ಚಹಾ ಮುಗಿಸಿ ಹತ್ತಲು ಏಳು ನಿಮಿಷ ಬೇಕು. ಇಷ್ಟು ವರ್ಷ ತಪ್ಪದೆ ಕೊಟ್ಟಿದ್ದೀರಿ, ಅಂದೂ ಕೊಡಿ.

ಇಂತಿ,
ಎರಡು ಟೀ ಡಬ್ಬಿ ಹಿಡಿದು ನಗೋಯಾದಲ್ಲಿ ನಿಂತೇ ಉಳಿದ
ಸುಧಾಮಣಿ