ಸಂಜೆಗೆ ಸುಮ್ಮನಾಗುತ್ತಿದ್ದ ಮಾವನಿಗೆ

ಪ್ರೀತಿಯ ಮಾವನವರಿಗೆ,

ಇದನ್ನು ಎದುರಿಗೆ ಕೂತು ಹೇಳಬಹುದಿತ್ತು. ಎರಡು ಸಲ ಶುರು ಮಾಡಿದೆ. ಎರಡು ಸಲವೂ ನೀವು ನಡುವೆ ಬಾಯಿ ಹಾಕಿ ಮಾತನ್ನು ಬೇರೆಲ್ಲಿಗೋ ಎಳೆದುಕೊಂಡು ಹೋದಿರಿ. ಅದಕ್ಕೇ ಬರೆದು ನಿಮ್ಮ ಮಾತಿನ ಯಂತ್ರದೊಳಗೇ ಇಟ್ಟು ಆಫೀಸಿಗೆ ಹೋಗುತ್ತಿದ್ದೇನೆ. ಅತ್ತೆ ಏನದು ಎಂದು ಕೇಳಿದರೆ ಸೊಸೆಯ ಆಫೀಸಿನ ಕಾಗದ ಎಂದುಬಿಡಿ. ನಂಬುವುದಿಲ್ಲ, ಆದರೂ ಅನ್ನಿ.

ನಾನು ಈ ಮನೆಗೆ ಬಂದ ಹೊಸದರಲ್ಲಿ ನೀವು ಊಟದ ಮೇಜಿನ ಹತ್ತಿರ ಕೇಳಿದ್ದಿರಿ, "ಏನು ಕೆಲಸ ಮಾಡ್ತೀಯಮ್ಮ?" ಎಂದು. "ಡ್ರೈವರ್ ಬರೀತೀನಿ ಮಾವ" ಅಂದೆ. "ಡ್ರೈವರ್ ಅಂದ್ರೆ ಗಾಡಿ ಓಡಿಸ್ತಾನೆ. ಅವನನ್ನ ಬರೆಯೋದು ಹೇಗೆ?" ಎಂದು ನಕ್ಕಿರಿ. ಆಗ ನಿಮ್ಮ ಕುರ್ಚಿ ಮೇಜು ಬಾಡಿಗೆಗೆ ಕೊಡುವ ಅಂಗಡಿ ನಡೆಯುತ್ತಿತ್ತು, ಅದರ ವ್ಯಾನು ಓಡಿಸುವವನು ಕೆಲಸ ಬಿಟ್ಟಿದ್ದ. ಬಂದವರಿಗೆಲ್ಲ "ಚಿಂತೆಯಿಲ್ಲ, ಸೊಸೆಯೇ ಡ್ರೈವರ್" ಎಂದು ಹೇಳಿಕೊಂಡು ತಿರುಗಿದಿರಿ. ಕಂಪ್ಯೂಟರಿನ ನಡುಮಧ್ಯೆ ಕರ್ನಲ್ ಅನ್ನುವ ಯಜಮಾನನೊಬ್ಬ ಇರುತ್ತಾನೆ, ಕ್ಯಾಮೆರಾ, ಸ್ಪೀಕರು, ಕೀಲಿಮಣೆ ಯಾವುದರ ಭಾಷೆಯೂ ಅವನಿಗೆ ನೇರವಾಗಿ ತಿಳಿಯುವುದಿಲ್ಲ, ಒಂದೊಂದಕ್ಕೂ ಒಂದೊಂದು ಸಣ್ಣ ಪ್ರೋಗ್ರಾಮು ಬೇಕು, ಅದೇ ಡ್ರೈವರ್ ಎಂದು ವಿವರಿಸಿದೆ. "ದುಭಾಷಿ ಅನ್ನು ಮತ್ತೆ, ಗಾಬರಿ ಮಾಡಿಸ್ತೀಯಲ್ಲ" ಅಂದಿರಿ. ಅಂದಿನಿಂದ ದಿನಾ ಸಂಜೆ ನಮ್ಮಿಬ್ಬರ ವಾದ. ಕಿಟಕಿ ಯಾವಾಗ ಮುಚ್ಚಬೇಕು ಎನ್ನುವುದರಿಂದ ಹಿಡಿದು ದೇಶ ಹೇಗೆ ನಡೆಯಬೇಕು ಎನ್ನುವವರೆಗೆ. ಆಫೀಸಿನಿಂದ ಸುಸ್ತಾಗಿ ಬಂದರೂ ಅದಕ್ಕಾಗಿ ಕಾಯುತ್ತಿದ್ದೆ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಆ ನರಗಳ ಕಾಯಿಲೆ ಬಂತು. ಮೊದಲು ಕೈ ಹೋಯಿತು, ನಂತರ ಕಾಲು, ಕೊನೆಗೆ ನಾಲಿಗೆ. ಕಣ್ಣು ಎಲ್ಲಕ್ಕಿಂತ ಕಡೆಯವರೆಗೂ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ನಿಮ್ಮ ಮಗ ಎಲ್ಲೆಲ್ಲೋ ವಿಚಾರಿಸಿ ಈ ಯಂತ್ರ ತಂದರು. ಪರದೆಯ ಕೆಳಗಿನ ಕ್ಯಾಮೆರಾ ನಿಮ್ಮ ಕಣ್ಣನ್ನೇ ನೋಡುತ್ತಿರುತ್ತದೆ. ನೀವು ಯಾವ ಅಕ್ಷರ ದಿಟ್ಟಿಸುತ್ತೀರೋ ಅದು ಬೀಳುತ್ತದೆ, ವಾಕ್ಯ ಮುಗಿದರೆ ಯಂತ್ರ ಗಟ್ಟಿಯಾಗಿ ಓದುತ್ತದೆ. ಮೊದಲ ದಿನ ಅದರ ನಯವಾದ ದನಿ ಕೇಳಿ ಅತ್ತೆ, "ಮದುವೆಯಾದಾಗಲೇ ಈ ದನಿ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನೀವು ಕೂಡಲೇ "ಆಗ ನಿನ್ನ ದನಿಯೂ ಬೇರೆ ಇತ್ತು" ಎಂದು ಬರೆದಿರಿ.

ಆದರೆ ನನ್ನ ಪಾಲಿಗೆ ಆ ದನಿ ಬರಲೇ ಇಲ್ಲ. ಹಗಲಿಡೀ ನೀವು ಅತ್ತೆಯ ಜೊತೆ ಜಗಳವಾಡಿದ್ದು, ನೋಡಲು ಬಂದವರನ್ನು ನಗಿಸಿ ಕಳಿಸಿದ್ದು, ಎಲ್ಲವನ್ನೂ ಬೇರೆಯವರ ಬಾಯಲ್ಲಿ ಕೇಳುತ್ತಿದ್ದೆ. ನಾನು ಬಾಗಿಲು ತೆಗೆದು ಒಳಗೆ ಬರುವ ಹೊತ್ತಿಗೆ ನೀವು ಸುಮ್ಮನೆ ಕೂತಿರುತ್ತಿದ್ದಿರಿ. "ಹೇಗಿದ್ದೀರಿ ಮಾವ?" ಎಂದರೆ ಕಣ್ಣು ಮುಚ್ಚಿಬಿಡುತ್ತಿದ್ದಿರಿ. ತಿಂಗಳುಗಟ್ಟಲೆ ಹೀಗೇ. ನಾನು ಯಾವಾಗಲೋ ವಾದದ ಭರದಲ್ಲಿ ಏನೋ ಅಂದಿರಬೇಕು, ಅದು ಮನಸ್ಸಿಗೆ ಚುಚ್ಚಿರಬೇಕು ಎಂದು ಲೆಕ್ಕ ಹಾಕಿದೆ. ಒಂದು ದಿನ ತಡೆಯದೆ ನಿಮ್ಮ ಮಗನಿಗೆ, "ಅಪ್ಪನಿಗೆ ನನ್ನನ್ನ ಕಂಡರಾಗೋದಿಲ್ಲ" ಎಂದುಬಿಟ್ಟೆ. "ಸಂಜೆ ಆಯಾಸ ಆಗಿರುತ್ತೆ, ಏನೇನೋ ಹಚ್ಚಿಕೊಳ್ಳಬೇಡ" ಎಂದರು. ಹಚ್ಚಿಕೊಂಡಾಗಿತ್ತು.

ತಲೆನೋವೆಂದು ನಾನು ಮಧ್ಯಾಹ್ನವೇ ಮನೆಗೆ ಬಂದ ದಿನ ನಿಮಗೆ ನೆನಪಿದೆಯೇ? ಬಾಗಿಲಲ್ಲಿ ನನ್ನನ್ನು ಕಂಡವರೇ "ಏನಮ್ಮ, ಕೆಲಸದಿಂದ ಓಡಿಸಿದರಾ?" ಅಂದಿರಿ. ನನಗೆ ತಲೆನೋವೂ ಮರೆತುಹೋಯಿತು. ಚಹಾ ಆರಿಹೋಗುವಷ್ಟು ಹೊತ್ತು ಮಾತಾಡಿದೆವು. ಹೊತ್ತು ಇಳಿಯುತ್ತಿದ್ದಂತೆ ನಿಮ್ಮ ಮಾತು ನಿಧಾನವಾಗುತ್ತ ಬಂದು ನಿಂತೇ ಹೋಯಿತು. ಅಷ್ಟು ದಿನ ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ನಿಮ್ಮ ಮುಖವನ್ನು. ಅವತ್ತು ಹಿಂದೆ ನಿಂತು ಪರದೆ ನೋಡಿದೆ. ನಿಮ್ಮ ಕಣ್ಣು ಒಂದು ಅಕ್ಷರದ ಮೇಲಿದ್ದರೆ, ಅದನ್ನು ಹಿಂಬಾಲಿಸಬೇಕಾದ ಚುಕ್ಕೆ ಇನ್ನೆಲ್ಲೋ ತೆವಳುತ್ತಿತ್ತು. ಅದು ಬರುವಷ್ಟರಲ್ಲಿ ನೀವು ಸೋತು ಬೇರೆ ಕಡೆ ನೋಡುತ್ತಿದ್ದಿರಿ, ತಪ್ಪು ಅಕ್ಷರ ಬೀಳುತ್ತಿತ್ತು. ಯಂತ್ರದ ಒಳಗಿನ ಲೆಕ್ಕ ತೆಗೆದು ನೋಡಿದೆ. ಮೆಮೊರಿ, ಎಂದರೆ ಯಂತ್ರಕ್ಕೆ ಕೆಲಸ ಮಾಡಲು ಬೇಕಾದ ಜಾಗ, ಹೆಚ್ಚುಕಡಿಮೆ ಮುಗಿದುಹೋಗಿತ್ತು.

"ಮಾವ, ಇದು ಯಂತ್ರದ್ದೇ ತೊಂದರೆ" ಅಂದೆ. ನೀವು ಆ ತೆವಳುವ ಚುಕ್ಕೆಯ ಜೊತೆ ಗುದ್ದಾಡಿ, ಅಳಿಸಿ, ಮತ್ತೆ ಹಿಡಿದು, ಒಂದೇ ಒಂದು ಪದ ಬರೆದಿರಿ.

"ಕಣ್ಣಲ್ಲವಾ?"

ಆಗ ಅರ್ಥವಾಯಿತು ಮಾವ. ಕಾಯಿಲೆ ಕಣ್ಣಿಗೂ ಬಂತು ಎಂದುಕೊಂಡು, ಮನೆಯವರು ಹೆದರುತ್ತಾರೆಂದು ಬೆಳಿಗ್ಗೆ ಯಾರಿಗೂ ಹೇಳದೆ, ಸಂಜೆಯಾದರೆ ಕಣ್ಣು ಮುಚ್ಚಿಕೊಂಡು ಒಬ್ಬರೇ ಅದನ್ನು ನುಂಗುತ್ತಿದ್ದಿರಿ. "ಕಣ್ಣಲ್ಲ, ನೂರಕ್ಕೆ ನೂರು ಯಂತ್ರ" ಅಂದೆ. ಈಗ ಹೇಳುತ್ತೇನೆ, ಆಗ ನನಗೆ ನೂರಕ್ಕೆ ನೂರು ಗೊತ್ತಿರಲಿಲ್ಲ. ಎರಡೂ ಇರಬಹುದಲ್ಲ ಎಂಬ ಅಳುಕು ಒಳಗೇ ಇತ್ತು.

ಯಂತ್ರ ಮಾಡಿದವರಿಗೆ ಫೋನ್ ಮಾಡಿದರೆ "ಸಂಜೆ ಒಂದು ಸಲ ಆಫ್ ಮಾಡಿ ಆನ್ ಮಾಡಿ ಮೇಡಂ" ಎಂದರು. ಆನ್ ಮಾಡಿದರೆ ಪರದೆಯಲ್ಲಿ ಓಡುವ ಚುಕ್ಕೆಗಳನ್ನು ದಿಟ್ಟಿಸಿ ಯಂತ್ರಕ್ಕೆ ಮತ್ತೆ ಮೊದಲಿನಿಂದ ನಿಮ್ಮ ಕಣ್ಣಿನ ಗುರುತು ಹಿಡಿಸಬೇಕು. ಇಡೀ ದಿನ ದಣಿದ ಕಣ್ಣು ಆ ಚುಕ್ಕೆಗಳ ಹಿಂದೆ ಎಷ್ಟು ಓಡೀತು? ಎರಡು ಸಂಜೆ ಪ್ರಯತ್ನಿಸಿ ಕೈಬಿಟ್ಟೆವು. ಅವರು ಬಳಸಿದ ಸಿಸ್ಟಮ್ಮು ಕೇಳಿದವರಿಗೆ ಒಳಗಿನ ಪ್ರೋಗ್ರಾಮಿನ ಬರಹ ತೋರಿಸಲೇಬೇಕು ಎಂಬ ಷರತ್ತಿನದು. ಕೇಳಿದೆ, ಕಳಿಸಿದರು. ಕ್ಯಾಮೆರಾದ ಡ್ರೈವರ್ ಮೇಲೆ ಅನುಮಾನವಿತ್ತು, ಏಕೆಂದರೆ ಖಾಲಿಯಾಗುತ್ತಿದ್ದದ್ದು ಕರ್ನಲ್‌ನ ಪಾಲಿನ ಮೆಮೊರಿ.

ನಿಮ್ಮನ್ನು ಆಸ್ಪತ್ರೆಗೆ ಕರೆದೊಯ್ದ ಶನಿವಾರ ನಾನೇ ನಿಮ್ಮ ಯಂತ್ರದ ಮುಂದೆ ಕೂತು ಬೆಳಗಿನಿಂದ ಕಣ್ಣಲ್ಲೇ ಬರೆದೆ. ಮೆಮೊರಿ ಒಂದು ಚೂರೂ ಸೋರಲಿಲ್ಲ. ಹೊಸ ಅಳಿಯನ ಹಾಗೆ ಅಷ್ಟು ಶಿಸ್ತಾಗಿತ್ತು ಯಂತ್ರ. ನನ್ನ ಕಣ್ಣಿಗೆ ಕೆಲಸ ಮಾಡುವ ಯಂತ್ರ ನಿಮ್ಮ ಕಣ್ಣಿಗೆ ಮಾಡುವುದಿಲ್ಲ ಎಂದರೆ ಏನರ್ಥ? ಯಾರಿಗೂ ಹೇಳಲಿಲ್ಲ. ನಿಮ್ಮ ಹಾಗೆಯೇ ಸುಮ್ಮನಾದೆ.

ಭಾನುವಾರ ನಿಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಲೆಕ್ಕ ನೋಡುತ್ತ ಕೂತೆ. ನೀವು ಬರೆಯುವಾಗ ಏನೂ ಇಳಿಯುತ್ತಿರಲಿಲ್ಲ. ಅತ್ತೆ ಬಂದು, "ನೀರು ಕುಡೀರಿ ಅಂದ್ರೆ ಅರ್ಧಕ್ಕೇ ಬಿಡ್ತೀರಿ, ನಾನೇನು ಕೆಲಸ ಇಲ್ದೆ ಕೂತಿದ್ದೀನಾ?" ಎಂದು ಶುರು ಮಾಡಿದರು. ನೀವು ಮೆಲ್ಲಗೆ ಕಣ್ಣು ಮುಚ್ಚಿದಿರಿ. ಎದ್ದು ಹೋಗಲಾಗದವರು ಇನ್ನೇನು ಮಾಡಬೇಕು! ಅತ್ತೆ ಅಡುಗೆಮನೆಗೆ ಹೋದ ಮೇಲೆ ತೆರೆದಿರಿ. ಮೆಮೊರಿ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಮತ್ತೆ ಬಂದರು. ಮತ್ತೆ ಮುಚ್ಚಿದಿರಿ, ಮತ್ತೆ ಇಳಿಯಿತು. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಹಿಂದಿನ ದಿನ ನನ್ನನ್ನು ಬೈಯುವವರು ಯಾರೂ ಮನೆಯಲ್ಲಿರಲಿಲ್ಲ ನೋಡಿ, ಕಣ್ಣು ಮುಚ್ಚುವ ಸಂದರ್ಭವೇ ಬರಲಿಲ್ಲ.

ಜಾಗ ಗೊತ್ತಾದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಕಣ್ಣು ಕಾಣದೆ ಹೋದರೆ ಕ್ಯಾಮೆರಾ ನಿದ್ದೆಗೆ ಹೋಗುತ್ತದೆ, ಕಂಡರೆ ಏಳುತ್ತದೆ. ಎದ್ದಾಗಲೆಲ್ಲ ಚಿತ್ರ ಇಡಲು ಡ್ರೈವರ್ ಹೊಸದಾಗಿ ಮೆಮೊರಿ ತೆಗೆದುಕೊಳ್ಳುತ್ತದೆ, ಮಲಗುವ ಮೊದಲು ಹಳೆಯದನ್ನು ವಾಪಸು ಕೊಡಬೇಕು. ಚಿತ್ರವೊಂದು ಅರ್ಧದಲ್ಲಿರುವಾಗ ನಿದ್ದೆಯ ಅಪ್ಪಣೆ ಬಂದರೆ ಮಾತ್ರ, ಕೊಡುವುದನ್ನು ಮರೆತು ಹಾಗೇ ಹೊರಟುಬಿಡುತ್ತಿತ್ತು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಕುರ್ಚಿ ಕೊಂಡೊಯ್ದವರು ತಂದಿಡದೆ ಮತ್ತೆ ಮತ್ತೆ ಹೊಸ ಕುರ್ಚಿ ಒಯ್ದರೆ ಸಂಜೆಗೆ ಅಂಗಡಿಯಲ್ಲಿ ನಿಮಗೇ ಕೂರಲು ಒಂದಿರುವುದಿಲ್ಲ. ಅತ್ತೆ ರಾತ್ರಿ ಆಫ್ ಮಾಡುತ್ತಿದ್ದದ್ದರಿಂದ ಬೆಳಿಗ್ಗೆ ಕುರ್ಚಿಗಳೆಲ್ಲ ಮತ್ತೆ ಅಂಗಡಿಗೆ ವಾಪಸು. ತಿದ್ದಲು ನಾಲ್ಕು ಸಾಲೂ ಬೇಕಾಗಲಿಲ್ಲ.

ಪರೀಕ್ಷಿಸಬೇಕಿತ್ತಲ್ಲ. "ಅತ್ತೆ, ಇವತ್ತು ದಿನವಿಡೀ ಮಾವನನ್ನ ಚೆನ್ನಾಗಿ ಬೈಯಿರಿ" ಅಂದೆ. "ನೀನು ಹೇಳಬೇಕಾ?" ಎಂದವರು ನಿಜಕ್ಕೂ ಮನಸ್ಸಿಟ್ಟು ಮಾಡಿದರು. ಮದುವೆಯ ವರ್ಷದ ಸಂಗತಿಗಳೂ ಹೊರಬಂದವು. ನೀವು ಮುಚ್ಚಿದಿರಿ, ತೆರೆದಿರಿ, ಲೆಕ್ಕ ಅಲುಗಲಿಲ್ಲ. ದೀಪ ಹಾಕುವ ಹೊತ್ತಾಯಿತು. ಬೆಳಗಿನಷ್ಟೇ ಚುರುಕಾಗಿ ಚುಕ್ಕೆ ಓಡಿತು. ಯಂತ್ರ ನಯವಾದ ದನಿಯಲ್ಲಿ, "ಇವಳನ್ನು ನಿಲ್ಲಿಸುವ ಪ್ರೋಗ್ರಾಮು ಬರೆಯಲಾರೆಯಾ?" ಎಂದಿತು. ನಿಮ್ಮ ಮಗ ಗೋಡೆ ಕಡೆ ತಿರುಗಿ ನಿಂತರು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ತಿದ್ದಿದ್ದನ್ನು ಕಂಪನಿಗೆ ಕಳಿಸಿದೆ. ಅದನ್ನು ಎಲ್ಲ ಯಂತ್ರಗಳಿಗೂ ಹಾಕಿದ್ದಾರಂತೆ. ಬೇರೆ ಯಾವ ಯಾವ ಮನೆಗಳಲ್ಲಿ ಯಾರು ಯಾರ ಮೌನವನ್ನು ಮುನಿಸು ಎಂದು ತಿಳಿದಿದ್ದರೋ.

ಈಗ ಈ ಕಾಗದದ ಕಾರಣಕ್ಕೆ ಬರುತ್ತೇನೆ. ಹೋದ ವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನೀವು ಇದ್ದಕ್ಕಿದ್ದಂತೆ ಕೇಳಿದಿರಿ, "ಮುಂದೆ ಕಣ್ಣೂ ಹೋದರೆ?" ಏನಾದರೂ ಹೇಳಬೇಕಲ್ಲ ಎಂದು ನಾನು, "ಆಗಿನದು ಆಗ ನೋಡೋಣ ಮಾವ" ಎಂದೆ. ನೀವು ತಡಮಾಡಲಿಲ್ಲ. "ಯಾರ ಕಣ್ಣಲ್ಲಿ?" ಎಂದಿರಿ. ಅತ್ತೆ ಬಿಕ್ಕಿದರು. "ನಗಿ, ಅದು ಜೋಕು" ಎಂದು ಯಂತ್ರವೇ ನಮಗೆ ಹೇಳಬೇಕಾಯಿತು. ನಕ್ಕೆವು. ನನಗೆ ಮಾತ್ರ ಅವತ್ತಿನಿಂದ ಅದೇ ಕೊರೆಯುತ್ತಿದೆ. ವಾದದಲ್ಲಿ ನಿಮಗೆ ಉತ್ತರ ಕೊಡದೆ ಬಿಟ್ಟವಳಲ್ಲ ನಾನು.

ಡಾಕ್ಟರು ಹೋದ ಸಲ ನೋಡಿ ಕಣ್ಣು ಚೆನ್ನಾಗಿದೆ ಎಂದಿದ್ದಾರೆ. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾವ ಡ್ರೈವರ್ ತಿದ್ದಿದರೂ ಅದು ನನ್ನ ಕೈಯಲ್ಲಿಲ್ಲ. ಆದರೆ ಆ ದಿನ ಬಂದರೆ ನೀವು ಏನು ಅನ್ನುತ್ತೀರಿ ಎಂದು ಊಹಿಸಬಲ್ಲಷ್ಟು ವಾದ ನಾನು ನಿಮ್ಮ ಜೊತೆ ಮಾಡಿರಬೇಕು. ಅದಕ್ಕೆ ಇನ್ನೂ ತುಂಬ ಸಂಜೆ ಬೇಕು. ಬೇಗ ಬರುತ್ತೇನೆ.

ಯಾರ ಕಣ್ಣಲ್ಲಿ ಎಂದು ಕೇಳಿದಿರಲ್ಲ. ನನ್ನ ಕಣ್ಣಲ್ಲಿ, ಮಾವ.

ಇದಕ್ಕೂ ಒಂದು ಎದುರುಮಾತು ನಿಮ್ಮಲ್ಲಿರುತ್ತದೆ ಎಂದು ಗೊತ್ತು. ಅದನ್ನೇ ಆಶೀರ್ವಾದ ಎಂದುಕೊಳ್ಳುತ್ತೇನೆ.

ನಿಮ್ಮ ಕಾಲಿಗೆ ನಮಸ್ಕರಿಸುವ,
ನಿಮ್ಮ ಡ್ರೈವರ್ ಸೊಸೆ